ಹಸಿ ತೂಕದ ಕಾಗದಗಳು

ಊರು ಬಿಟ್ಟು ಹೋದ ರೈತ ಹಳೇ ಊರಿನ ನೆರೆಮನೆಯವನಿಗೆ ಕಾಗದ ಬರೆಯುವುದು ಕ್ಷೇಮಸಮಾಚಾರ ತಿಳಿಸಲಿಕ್ಕೆ ಎಂದು ನೀವು ನಂಬಿದ್ದರೆ, ನೀವು ಒಂದೋ ಪೇಟೆಯಲ್ಲಿ ಹುಟ್ಟಿದವರು, ಇಲ್ಲವೇ ತೀರಾ ಒಳ್ಳೆಯವರು. ಕ್ಷೇಮ ತಿಳಿಸಲಿಕ್ಕೆ ನೆಂಟರಿದ್ದಾರೆ. ಕಷ್ಟ ಹೇಳಿಕೊಳ್ಳಲಿಕ್ಕೆ ತಂಗಿಯ ಮನೆಯಿದೆ, ಸಾಲ ಕೇಳಲಿಕ್ಕೆ ಮಾವನ ಮನೆಯಿದೆ. ನೆರೆಮನೆಗೆ ಬರೆಯುವುದು ತಾನು ಗೆದ್ದೆ ಎಂದು ಹೇಳಲಿಕ್ಕೆ. ಬೇಲಿಯಾಚೆ ನಿಂತು ವರ್ಷಗಟ್ಟಲೆ ತನ್ನ ಮರದ ಕೊನೆ ಎಣಿಸಿದವನು, ತನ್ನ ಎಮ್ಮೆ ಎಷ್ಟು ಹಾಲು ಕೊಡುತ್ತದೆಂದು ತನಗಿಂತ ಚೆನ್ನಾಗಿ ತಿಳಿದವನು, ತನ್ನ ಮಗಳ ಮದುವೆಯ ಪಾಯಸಕ್ಕೆ ಬೆಲ್ಲ ಕಡಿಮೆಯಾಯಿತೆಂದು ಇನ್ನೂ ಹೇಳಿಕೊಂಡು ತಿರುಗುವವನು: ಅವನು ಒಪ್ಪಿದರೆ ಮಾತ್ರ ಬೆಳೆ ಬೆಳೆಯೇ. ಹೆಂಡತಿಯ ತವರಿನವರು ಹೊಗಳಿದರೆ ಏನು ಬಂತು? ಅವರು ಹೇಗೂ ಹೊಗಳಬೇಕು.

ನಮ್ಮ ಕಡೆ, ಅಂದರೆ ಸಾಗರ ಸೀಮೆಯಲ್ಲಿ, ಈ ವಿದ್ಯೆ ಬೆಳೆದದ್ದು ಶರಾವತಿಯ ದೆಸೆಯಿಂದ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಪೂರ್ತಿ ತುಂಬಿದಾಗ ನೀರಿನ ಮಟ್ಟ 1819 ಅಡಿ. ಈ ಸಂಖ್ಯೆಯನ್ನು ನಮ್ಮ ಹಿರಿಯರು ತಮ್ಮ ಮಕ್ಕಳು ಹುಟ್ಟಿದ ಇಸವಿಗಿಂತ ಗಟ್ಟಿಯಾಗಿ ನೆನಪಿಟ್ಟುಕೊಂಡಿದ್ದಾರೆ. ಆ ಗೆರೆಯ ಕೆಳಗಿದ್ದವರು ಲಾರಿ ಹತ್ತಿದರು, ಮೇಲಿದ್ದವರು ಅಲ್ಲೇ ಉಳಿದು ಮೂರು ಕಡೆ ನೀರು ನೋಡುತ್ತ ಕೂತರು. ಹಾಗಾಗಿ ಒಂದೇ ಕೇರಿಯ ಎರಡು ಮನೆಗಳಲ್ಲಿ ಒಂದು ಶಿವಮೊಗ್ಗ ತಾಲ್ಲೂಕಿನ ಕಾಡಿಗೆ ಹೋಗಿ ಬಿತ್ತು, ಇನ್ನೊಂದು ತುಮರಿ ಕಡೆಯ ಗುಡ್ಡದಲ್ಲಿ ದ್ವೀಪದಂತೆ ನಿಂತಿತು. ಹೋದ ಮನೆ ನಮ್ಮದು, ಕೆಳಗಿನಮನೆ. ನಿಂತ ಮನೆ ಮೇಲಿನಮನೆ.

ಈ ಕೆಳಗೆ ಮೇಲೆ ಎಂಬುದರಲ್ಲೇ ಅರ್ಧ ಕತೆಯಿದೆ. ಹೊಳೆ ಬಗಲಿನ ಕೆಳಗಿನಮನೆಗೆ ಮೆಕ್ಕಲು ಮಣ್ಣು, ಮನೆ ಬಾಗಿಲಿಗೆ ನೀರು, ತೋಟದಲ್ಲಿ ಹುಲುಸಾದ ವೀಳ್ಯದ ಬಳ್ಳಿ. ಮೇಲಿನಮನೆಗೆ ಜಂಬಿಟ್ಟಿಗೆ ಕಲ್ಲಿನ ಧರೆ, ಬೇಸಿಗೆಯಲ್ಲಿ ಕೊಡ ಹೊತ್ತು ಏರುವ ಕೆಲಸ. ತಲೆಮಾರುಗಳಿಂದ ಕೆಳಗಿನಮನೆಯವರು ಮೇಲಿನಮನೆಯವರನ್ನು ನೋಡಿ ನಕ್ಕಿದ್ದರು. ಸರ್ವೆಯವರು ಬಂದು ನಮ್ಮ ಮಾಡಿನ ಹಂಚಿಗಿಂತ ಎತ್ತರದಲ್ಲಿ ಗುರುತು ಹಾಕಿದ ದಿನ ಮೇಲಿನಮನೆ ಭಾವ ಅಂಗಳಕ್ಕೆ ಬಂದು, ಛೆ ಛೆ ಎಂದು ದುಃಖಪಟ್ಟರಂತೆ. ಪಟ್ಟರು ಎಂಬುದನ್ನು ನಮ್ಮ ದೊಡ್ಡಪ್ಪ ಸಾಯುವವರೆಗೂ ನಂಬಲಿಲ್ಲ.

ಕಣ್ಣೀರಿನ ಭಾಗವನ್ನು ನಾನು ಮುಟ್ಟುವುದಿಲ್ಲ. ಅದನ್ನು ನಾ. ಡಿಸೋಜ ಬರೆದಿದ್ದಾರೆ. ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದು ಮುಳುಗಡೆಯನ್ನು ಕಣ್ಣಾರೆ ಕಂಡವರು ಅವರು. ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಿವೆ, ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿಯವರು ಸಿನಿಮಾ ಮಾಡಿದರು. ಅಳಬೇಕೆಂದಿದ್ದವರು ಅಲ್ಲಿಗೆ ಹೋಗಬಹುದು. ನನ್ನ ಪಾಲಿಗೆ ಉಳಿದದ್ದು ಒಂದು ಟ್ರಂಕಿನ ತುಂಬ ಜಗಳ.

ಕಾಗದದಲ್ಲಿ ಎರಡು ಜಾತಿ. ಒಂದು ಕಾರ್ಡು, ಇನ್ನೊಂದು ಇನ್‌ಲ್ಯಾಂಡು. ಕಾರ್ಡು ನಮ್ಮ ದೇಶಕ್ಕೆ 1879ರಲ್ಲೇ ಬಂತು, ಆಗ ಕಾಲಾಣೆ. ನಾನು ಅಕ್ಷರ ಕಲಿತ ಕಾಲಕ್ಕೆ 15 ಪೈಸೆ. ಆಮೇಲೆ 50 ಪೈಸೆಗೆ ಬಂದು ಅಲ್ಲೇ ಕೂತುಬಿಟ್ಟಿತು. ಕಾರ್ಡಿಗೆ ಮುಚ್ಚುಮರೆ ಇಲ್ಲ. ಇಲ್ಲಿನ ಪೋಸ್ಟ್‌ಮಾಸ್ತರರು ಓದುತ್ತಾರೆ, ಅಲ್ಲಿನ ಪೋಸ್ಟ್‌ಮಾಸ್ತರರು ಓದುತ್ತಾರೆ, ಟಪಾಲಿನವನು ಓದುತ್ತಾನೆ, ಹಿನ್ನೀರು ದಾಟುವ ಲಾಂಚಿನಲ್ಲಿ ಅವನ ಪಕ್ಕ ನಿಂತವರು ಬಗ್ಗಿ ಓದುತ್ತಾರೆ, ದಡದ ಚಾದಂಗಡಿಯಲ್ಲಿ ಗಟ್ಟಿಯಾಗಿ ಒಮ್ಮೆ ಓದುವುದಾಗುತ್ತದೆ. ವಿಳಾಸದಾರನ ಕೈಗೆ ಬರುವ ಹೊತ್ತಿಗೆ ಅವನೊಬ್ಬನಿಗೆ ಬಿಟ್ಟು ಉಳಿದೆಲ್ಲರಿಗೂ ವಿಷಯ ಗೊತ್ತಿರುತ್ತದೆ. ಪೇಟೆಯವರು ಇದನ್ನು ಕಾರ್ಡಿನ ಕೊರತೆ ಎನ್ನುತ್ತಾರೆ. ದೊಡ್ಡಪ್ಪ ಕಾರ್ಡು ಕೊಳ್ಳುತ್ತಿದ್ದದ್ದೇ ಅದಕ್ಕೆ. ಅಡಿಕೆ ಎಷ್ಟಾಯಿತು, ಹೊಸ ಕೊಟ್ಟಿಗೆಗೆ ಹಂಚು ಹೊದಿಸಿದ್ದು, ದೊಡ್ಡ ಮಗ ಎಸ್ಸೆಸ್ಸೆಲ್ಸಿಯಲ್ಲಿ ಪಾಸಾದದ್ದು, ಎಲ್ಲ ಕಾರ್ಡಿನಲ್ಲಿ. ಅದೇ ಮಗ ಗಣಿತದಲ್ಲಿ ಎರಡು ಸಲ ಕೂತದ್ದು, ಕೊಟ್ಟಿಗೆಯ ಹಂಚಿನ ಬಾಕಿ ಇನ್ನೂ ಕೊಡದೆ ಇರುವುದು ಇನ್‌ಲ್ಯಾಂಡಿನಲ್ಲಿ, ಅದರ ಗೋಂದಿನ ಮೇಲೂ ನಂಬಿಕೆ ಇಲ್ಲದೆ ಅನ್ನದ ಅಗುಳು ಒತ್ತಿ, ಮಾವನ ಮನೆ ವಿಳಾಸಕ್ಕೆ.

ದೊಡ್ಡಪ್ಪನ ಕೈ ಅಕ್ಷರ ಸೊಟ್ಟ. ಹಾಗಾಗಿ ಬರೆಯುವ ಕೆಲಸ ನನ್ನದು. ಜಗಲಿಯಲ್ಲಿ ಕವಳ ಹಾಕಿಕೊಂಡು ಕೂತು ಹೇಳುವುದು ಅವರದು. ತಲೆಗೆ ‘ಶ್ರೀ’, ಎಡಗಡೆ ‘ಕ್ಷೇಮ’, ಬಲಗಡೆ ತಾರೀಕು. ತಾರೀಕಿನ ಜೊತೆಗೆ ಮಳೆ ನಕ್ಷತ್ರ ಬೇಕೇ ಬೇಕು, ಪುನರ್ವಸು ಎರಡನೇ ಪಾದ ಎಂದು ಬರೆಯದಿದ್ದರೆ ಕಾಗದಕ್ಕೆ ತೂಕವಿಲ್ಲ. ಆಮೇಲೆ ‘ತೀರ್ಥರೂಪ ಸಮಾನರಾದ ಮೇಲಿನಮನೆ ಭಾವಯ್ಯನವರಲ್ಲಿ ಸಾಷ್ಟಾಂಗ ನಮಸ್ಕಾರಗಳು, ಉಭಯ ಕುಶಲೋಪರಿ ಸಾಂಪ್ರತ’. ಇಷ್ಟು ಬರೆಯುವಷ್ಟರಲ್ಲಿ ಕಾಲು ಕಾರ್ಡು ಮುಗಿಯುತ್ತಿತ್ತು. ಮುಂದಿನ ಸಾಲಿನಲ್ಲಿ ‘ತಾವು’, ಅದರ ಮುಂದಿನದರಲ್ಲಿ ‘ನೀವು’, ನಾಲ್ಕನೆಯದಕ್ಕೆ ಬರುವಾಗ ‘ನೀನು’. ಸಾಷ್ಟಾಂಗ ಬಿದ್ದವರು ಇಷ್ಟು ಬೇಗ ಎದ್ದು ನಿಂತದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ಸಲದ ಮಾತು ಹೀಗೆ ನಡೆಯಿತು.

“ಬರಿ. ಈ ವರ್ಷ ನಮ್ಮ ತೋಟದಲ್ಲಿ ಐವತ್ತು ಕ್ವಿಂಟಲ್ ಅಡಿಕೆ ಆಯಿತು.”

“ದೊಡ್ಡಪ್ಪ, ಮಂಡಿಗೆ ಹಾಕಿದ್ದು ಆರೂವರೆ ಅಲ್ಲವಾ?”

“ಅದು ಸುಲಿದು, ಬೇಯಿಸಿ, ಒಣಗಿಸಿದ ಮೇಲೆ. ನಾನು ಹೇಳುತ್ತಿರುವುದು ಕೊಯ್ದ ದಿನದ ಲೆಕ್ಕ. ಹಸಿ ತೂಕ.”

“ಹಾಗಾದರೆ ಹಸಿ ಎಂದು ಬರೆಯಲಾ?”

“ಕಾರ್ಡಿನಲ್ಲಿ ಜಾಗ ಎಲ್ಲಿದೆ ಮಾರಾಯ?”

ಗಮನಿಸಿ, ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನೂರು ಕಿಲೋ ಹಸಿ ಅಡಿಕೆ ಸುಲಿದು ಬೇಯಿಸಿ ಅಟ್ಟದ ಮೇಲೆ ಒಣಗಿಸಿದರೆ ಕೈಗೆ ಸಿಗುವ ಕೆಂಪಡಿಕೆ ಹನ್ನೆರಡು ಹದಿಮೂರು ಕಿಲೋ. ಶಿವಮೊಗ್ಗದ ಮಂಡಿಯಲ್ಲಿ ಅದಕ್ಕೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಮತ್ತೆ ಪಂಗಡ. ನಮ್ಮದರಲ್ಲಿ ಗೊರಬಲೇ ಹೆಚ್ಚು. ಆದರೆ ಕಾಗದದಲ್ಲಿ ಯಾವತ್ತೂ ‘ಸರಕಿನ ಧಾರಣೆ ಚೆನ್ನಾಗಿದೆ’ ಎಂದೇ ಬರೆಸುತ್ತಿದ್ದರು. ಧಾರಣೆ ಚೆನ್ನಾಗಿಯೇ ಇತ್ತು. ನಮ್ಮ ಹತ್ತಿರ ಸರಕು ಇತ್ತೇ ಎಂದು ಕಾರ್ಡನ್ನು ಯಾರೂ ಕೇಳುವುದಿಲ್ಲವಲ್ಲ.

ಅಳತೆಯ ವಿಷಯದಲ್ಲಿ ನಮ್ಮ ತಾಲ್ಲೂಕಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1951ರ ಕಾಗೋಡು ಸತ್ಯಾಗ್ರಹದ ಬುಡ ಹುಡುಕಿಕೊಂಡು ಹೋದರೆ ಸಿಗುವುದು ಒಂದು ಕೊಳಗ. ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ಸೇರಿನದಿರಬೇಕು ಎಂಬ ತಕರಾರಿನಿಂದ ಗೇಣಿದಾರರು ಎದ್ದು ನಿಂತರು, ಎಚ್. ಗಣಪತಿಯಪ್ಪನವರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ದಸ್ತಗಿರಿಯಾದರು. ಕೊಡುವಾಗ ಒಂದು ಕೊಳಗ, ಕೊಳ್ಳುವಾಗ ಇನ್ನೊಂದು ಎಂಬ ವಿದ್ಯೆ ಆ ಮಣ್ಣಿನಲ್ಲಿತ್ತು. ದೊಡ್ಡಪ್ಪ ಅದನ್ನು ಅಂಚೆಗೆ ತಂದರು, ಅಷ್ಟೆ.

ಇಷ್ಟಾದರೂ ಮೇಲಿನಮನೆ ಭಾವನಿಗೆ ಆರೂವರೆ ಕ್ವಿಂಟಲಿನ ಸುದ್ದಿ ಕಾರ್ಡಿಗಿಂತ ಮೊದಲೇ ಮುಟ್ಟಿರುತ್ತಿತ್ತು. ಹೇಗೆ ಎಂದು ದೊಡ್ಡಪ್ಪನಿಗೆ ಕೊನೆಯವರೆಗೂ ತಿಳಿಯಲಿಲ್ಲ. ನನಗೆ ತಿಳಿದಿತ್ತು. ದೊಡ್ಡಮ್ಮ ತಿಂಗಳಿಗೊಂದು ಇನ್‌ಲ್ಯಾಂಡು ಅಕ್ಕನಿಗೆ ಬರೆಯುತ್ತಿದ್ದಳು, ತಾನೇ, ಸಾಸಿವೆ ಡಬ್ಬಿಯ ಪಕ್ಕದಲ್ಲಿಟ್ಟ ಪೆನ್ಸಿಲಿನಲ್ಲಿ. ಅದರಲ್ಲಿ ಸಾಷ್ಟಾಂಗವೂ ಇಲ್ಲ, ಸಾಂಪ್ರತವೂ ಇಲ್ಲ. ಹಂದಿ ಬಂದು ಗೆಡ್ಡೆಗೆಣಸು ಬಗೆದದ್ದು, ಬಾವಿ ಶಿವರಾತ್ರಿಗೇ ತಳ ಕಂಡದ್ದು, ಹೊಸ ಜಾಗದಲ್ಲಿ ದರಕು ಗುಡಿಸಲಿಕ್ಕೆ ಸೊಪ್ಪಿನಬೆಟ್ಟ ಇಲ್ಲದೆ ಗೊಬ್ಬರಕ್ಕೆ ತತ್ವಾರವಾದದ್ದು, ‘ಇವರು’ ರಾತ್ರಿ ನಿದ್ದೆ ಮಾಡದೆ ಜಗಲಿಯಲ್ಲಿ ಕೂರುವುದು, ಎಲ್ಲ ಅದರಲ್ಲಿ. ಅಕ್ಕನ ಮಗಳನ್ನು ಕೊಟ್ಟದ್ದು ಮೇಲಿನಮನೆಯ ತಮ್ಮನ ಮಗನಿಗೆ. ಇಲಾಖೆಯವರು ಸರ್ವೆಗೆ ಎಷ್ಟು ಸಲ ಬಂದರೋ ಗೊತ್ತಿಲ್ಲ, ನಮ್ಮ ಕಡೆ ಜಮೀನಿನ ನಿಜವಾದ ಪಹಣಿ ಹೆಂಗಸರ ಇನ್‌ಲ್ಯಾಂಡುಗಳಲ್ಲಿತ್ತು.

ಮೇಲಿನಮನೆ ಭಾವನೂ ಸಾಮಾನ್ಯದವರಲ್ಲ. ದೊಡ್ಡಮ್ಮನ ಸುದ್ದಿ ಜೇಬಿನಲ್ಲಿಟ್ಟುಕೊಂಡೇ ಉತ್ತರ ಬರೆಯುತ್ತಿದ್ದರು. ‘ಐವತ್ತು ಕ್ವಿಂಟಲ್ ಎಂದು ತಿಳಿದು ಬಹಳ ಸಂತೋಷವಾಯಿತು. ಅಷ್ಟು ಅಡಿಕೆ ಒಣಗಿಸಲು ನಿಮ್ಮ ಅಟ್ಟ ಸಾಲುವುದಿಲ್ಲ, ಬೇಕಾದರೆ ನಮ್ಮ ಅಟ್ಟ ಖಾಲಿ ಇದೆ.’ ಇದನ್ನು ಓದಿದ ದಿನ ದೊಡ್ಡಪ್ಪ ಊಟ ಮಾಡಲಿಲ್ಲ. ಅವರ ಇನ್ನೊಂದು ಆಯುಧ ಮಳೆ. ಮಲೆನಾಡಿನವರು ಮಳೆಯನ್ನು ಇಂಚಿನಲ್ಲಿ ಅಳೆಯುವವರು. ‘ಇಲ್ಲಿ ಆರಿದ್ರೆಯಲ್ಲೇ ಇಷ್ಟು ಇಂಚು ಹೊಡೆಯಿತು, ನಿಮ್ಮ ಕಡೆ ಮೋಡವಾದರೂ ಬರುತ್ತದೆಯೇ?’ ಎಂದು ಕೇಳುತ್ತಿದ್ದರು. ನಾವು ಹೋಗಿ ಬಿದ್ದ ಕುಂಸಿ, ಆಯನೂರು ಕಡೆಗೆ ಶರಾವತಿ ದಂಡೆಯ ಮಳೆ ಬರುವುದು ಹೇಗೆ? ಆದರೆ ದೊಡ್ಡಪ್ಪ ಸೋಲುವವರಲ್ಲ. ‘ಇಲ್ಲಿ ಇಂಬಳದ ಕಾಟವಿಲ್ಲ, ರಾತ್ರಿ ಹೊತ್ತೂ ಶಿವಮೊಗ್ಗಕ್ಕೆ ಬಸ್ಸಿದೆ’ ಎಂದು ಬರೆಸಿದರು. ಆ ಎರಡನೆಯ ಮಾತು ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಹೊಳೆಬಾಗಿಲಿನ ಲಾಂಚು ಸಂಜೆಗೆ ನಿಂತರೆ ಬೆಳಗಿನವರೆಗೆ ಮೇಲಿನಮನೆಯವರು ದ್ವೀಪವಾಸಿಗಳು. ಪಕ್ಕದಲ್ಲೇ ನಾಡಿಗೆಲ್ಲ ಬೆಳಕು ಕೊಡುವ ನೀರು ನಿಂತಿದ್ದರೂ ಅವರ ಮನೆಯಲ್ಲಿ ಆಗ ಉರಿಯುತ್ತಿದ್ದದ್ದು ಚಿಮಣಿ ಬುಡ್ಡಿ. ಶರಾವತಿಯ ದೊಡ್ಡ ವಿದ್ಯುದಾಗಾರದ ಹತ್ತು ಯಂತ್ರಗಳು ಸೇರಿ 1035 ಮೆಗಾವಾಟ್. ಭಾವ ಕಾಗದ ಬರೆಯುತ್ತಿದ್ದದ್ದು ಸೀಮೆಎಣ್ಣೆ ದೀಪದಲ್ಲಿ. ಕಾರ್ಡಿನ ಮೂಲೆಯಲ್ಲಿ ಎಣ್ಣೆಯ ಕಲೆ ಕಂಡರೆ ದೊಡ್ಡಪ್ಪನಿಗೆ ಹಬ್ಬ.

ಎರಡು ಕಡೆಯ ಜಗಳಕ್ಕೂ ಹಾಳೆ ತುಂಬ ಬೇರೆ ವಿಷಯವಿದ್ದರೂ ನಿಜವಾದ ವಿಷಯ ಕಡೆಗೆ, ‘ತಾ.ಕ.’ ಎಂದು ಹಾಕಿ ಒತ್ತಿ ಬರೆದ ಜಾಗದಲ್ಲಿ ಇರುತ್ತಿತ್ತು. ಆ ವಿಷಯ ಒಂದು ಹಲಸಿನ ಮರ. ಹಳೇ ಊರಿನಲ್ಲಿ ಎರಡು ತೋಟಗಳ ನಡುವಿನ ಅಗಳದ ದಂಡೆಯ ಮೇಲೆ, ದಣಪೆಗೆ ತಾಗಿಕೊಂಡು, ಚಂದ್ರಬಕ್ಕೆಯದೊಂದು ಮರವಿತ್ತು. ಬುಡ ನಮ್ಮದು, ವಾಲಿದ್ದು ಅವರ ಕಡೆ. ಹಣ್ಣು ಯಾರದು ಎಂಬುದು ಅಜ್ಜನ ಕಾಲದ ತಕರಾರು. ನೀರು ಬಂತು, ಅಗಳ ಹೋಯಿತು, ದಣಪೆ ಹೋಯಿತು, ಎರಡು ತೋಟಗಳಲ್ಲಿ ಒಂದೂವರೆ ಹೋಯಿತು. ತಕರಾರು ಹೋಗಲಿಲ್ಲ. ಬೇಸಿಗೆಯಲ್ಲಿ ಲಿಂಗನಮಕ್ಕಿಯ ನೀರು ಇಳಿದಾಗ ಹಿನ್ನೀರಿನಲ್ಲಿ ಸತ್ತ ಮರಗಳ ಬೋಳು ಕಾಂಡಗಳು ಎದ್ದು ನಿಲ್ಲುವುದನ್ನು ಸಿಗಂದೂರಿಗೆ ಹೋದವರೆಲ್ಲ ನೋಡಿರುತ್ತೀರಿ. ನೀರು ತೀರಾ ಇಳಿದ ವರ್ಷ 1948ರ ಹಿರೇಭಾಸ್ಕರ ಅಣೆಕಟ್ಟೇ ಮೇಲೆ ಕಾಣುತ್ತದೆ, ಅಣೆಕಟ್ಟಿನೊಳಗೆ ಮುಳುಗಿದ ಅಣೆಕಟ್ಟು! ಅಂಥ ಒಂದು ಬೇಸಿಗೆಯಲ್ಲಿ ಭಾವ ಬರೆದರು: ‘ನೀರು ಕೆಳಗೆ ಹೋಗಿದೆ. ನಿನ್ನ ತುಳಸಿಕಟ್ಟೆ, ಬಾವಿಯ ಬಾಯಿ ಕಂಡವು. ತಾ.ಕ.: ಹಲಸಿನ ಕಾಂಡ ಇನ್ನೂ ಗಟ್ಟಿ ಇದೆ, ಬಾಗಿಲಿನ ದಾರಂದಕ್ಕೆ ಆಗುತ್ತದೆ. ನಾನು ಕಡಿಸುತ್ತೇನೆ.’

ದೊಡ್ಡಪ್ಪ ಮರುಟಪಾಲಿಗೆ ಉತ್ತರ ಬರೆಸಿದರು. ಬುಡ ತನ್ನದು, ಮುಳುಗಿದ್ದಕ್ಕೆ ಸರ್ಕಾರದಿಂದ ಪರಿಹಾರ ತೆಗೆದುಕೊಂಡದ್ದೂ ತಾನು, ಆದ್ದರಿಂದ ಕಾಂಡ ತನ್ನದು ಎಂದು. ಪರಿಹಾರ ತೆಗೆದುಕೊಂಡ ಮೇಲೆ ಅದು ಸರ್ಕಾರದ್ದಾಯಿತಲ್ಲ ಎಂದು ಭಾವ ಎತ್ತಿದ ಕಾನೂನು ಪ್ರಶ್ನೆಗೆ ಒಳ್ಳೆಯ ವಕೀಲರೂ ಉತ್ತರ ಹೇಳುವುದು ಕಷ್ಟ. ಕಾಗದ ಹೋಗಿ ಬರುವಷ್ಟರಲ್ಲಿ ಮಳೆಗಾಲ ಬಂದು ನೀರು ಏರಿಬಿಡುತ್ತಿತ್ತು, ಮುಂದಿನ ಬೇಸಿಗೆಗೆ ವಾಯಿದೆ. ಕಾಂಡವನ್ನು ಕೊನೆಗೂ ಯಾರೂ ಕಡಿಯಲಿಲ್ಲ. ಕಡಿದರೆ ಮುಂದಿನ ವರ್ಷ ಬರೆಯಲಿಕ್ಕೆ ಏನು ಉಳಿಯುತ್ತಿತ್ತು?

ಮಳೆಗಾಲದಲ್ಲಿ ಪತ್ರಿಕೆಗಳು ಜಲಾಶಯಗಳ ಮಟ್ಟ ಅಚ್ಚು ಹಾಕುತ್ತವಷ್ಟೆ. ಬೇರೆಯವರು ಅದನ್ನು ನೋಡಿ ವರ್ಷದ ಕರೆಂಟಿನ ಲೆಕ್ಕ ಹಾಕುತ್ತಿದ್ದರು. ದೊಡ್ಡಪ್ಪ ಮಾತ್ರ ಲಿಂಗನಮಕ್ಕಿಯ ಅಡಿ ನೋಡಿ, ಇವತ್ತಿಗೆ ನೀರು ಅಡುಗೆಮನೆ ಹೊಸ್ತಿಲಿಗೆ ಬಂತು, ಇವತ್ತು ಅಟ್ಟ ಮುಚ್ಚಿತು ಎಂದು ಹೇಳುತ್ತಿದ್ದರು. ನಮಗೆ ಮಕ್ಕಳಿಗೆ ಅದು ತಮಾಷೆ. ದೊಡ್ಡಮ್ಮ ಎದ್ದು ಒಳಗೆ ಹೋಗುತ್ತಿದ್ದಳು.

ಈ ಚಾಳಿ ಸಾಗರದವರಿಗೆ ಮಾತ್ರ ಎಂದುಕೊಳ್ಳಬೇಡಿ. 1825ರಲ್ಲಿ ನಾರ್ವೆಯ ಸ್ಟಾವಾಂಗರಿನಿಂದ ಐವತ್ತು ಚಿಲ್ಲರೆ ಜನ ಒಂದು ಪುಟ್ಟ ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಅವರ ಹಿಂದೆ 1831ರಲ್ಲಿ ಹೋದ ಹೋವ್ಲಾಂಡ್ ಎಂಬ ರೈತ 1835ರಲ್ಲಿ ಊರಿನ ಕಡೆಗೆ ಒಂದು ಕಾಗದ ಬರೆದ. ಅಲ್ಲಿ ಸರ್ಕಾರಿ ಜಮೀನು ಎಕರೆಗೆ ಒಂದೂಕಾಲು ಡಾಲರಿಗೆ ಸಿಗುತ್ತಿದ್ದ ಕಾಲ. ಕಾಗದವನ್ನು ಜನ ನಕಲು ಮಾಡಿಕೊಂಡು ಊರೂರಿನಲ್ಲಿ ಓದಿದರು, ಓದಿದವರು ಗಂಟು ಕಟ್ಟತೊಡಗಿದರು. ಬರ್ಗೆನ್ನಿನ ಬಿಷಪ್ ನ್ಯೂಮನ್ ಗಾಬರಿಯಾಗಿ 1837ರಲ್ಲಿ ಬೈಬಲಿನ ಕೀರ್ತನೆಯೊಂದನ್ನು ಮುಂದಿಟ್ಟುಕೊಂಡು, ಹುಟ್ಟಿದ ನೆಲದಲ್ಲೇ ಇರಿ ಎಂದು ರೈತರಿಗೆ ಬುದ್ಧಿವಾದದ ಪತ್ರ ಬರೆದರು. ಯಾರು ಕೇಳುತ್ತಾರೆ? ಮರುವರ್ಷವೇ ಓಲೆ ರೂನಿಂಗ್ ಎಂಬವನು ಅಮೆರಿಕದ ಬಗ್ಗೆ ಬರೆದ ಪುಸ್ತಕ ನಾರ್ವೆಯಲ್ಲಿ ಅಚ್ಚಾಗಿ ಇನ್ನಷ್ಟು ಜನ ಹೊರಟರು. ಅವನು ನೆಲೆ ನಿಂತ ಇಲಿನಾಯಿಯ ಬೀವರ್ ಕ್ರೀಕ್ ಜೌಗು ನೆಲ, ಜ್ವರದ ಗೂಡು. ಪುಸ್ತಕ ಬಂದ ವರ್ಷವೇ ಅವನೂ ಅಲ್ಲಿ ಜ್ವರಕ್ಕೆ ಹೋದ. ಬಿಷಪ್ಪರು ಕೀರ್ತನೆಯನ್ನು ನೆಚ್ಚಿದ್ದು ತಪ್ಪು. ಆ ರೈತರ ಹೆಂಡಂದಿರು ಅಕ್ಕಂದಿರಿಗೆ ಬರೆದ ಕಾಗದಗಳನ್ನು ಒಟ್ಟು ಮಾಡಿ ಇಗರ್ಜಿಯಲ್ಲಿ ಓದಿಸಿದ್ದರೆ ಒಬ್ಬನೂ ಹಡಗು ಹತ್ತುತ್ತಿರಲಿಲ್ಲ.

ಮರಳಿ ನಮ್ಮ ಕಾಗದಕ್ಕೆ. ಎರಡೂ ಕಡೆಯವರು ನಿಜ ಹೇಳುತ್ತಿದ್ದ ವಿಷಯ ಒಂದೇ ಒಂದಿತ್ತು, ಕೊಳೆರೋಗ. ಅಲ್ಲಿ ಮಾತ್ರ ಹಸಿ ತೂಕ ಇರಲಿಲ್ಲ. ಶ್ರಾವಣದಲ್ಲಿ ಮಳೆ ಬಿಡದೆ ಹಿಡಿದರೆ ಎಳೆಯ ಕಾಯಿ ಕೊಳೆತು ಉದುರುತ್ತದೆ, ವರ್ಷದ ಅನ್ನ ಒಂದು ವಾರದಲ್ಲಿ ಮರದ ಬುಡಕ್ಕೆ ಬೀಳುತ್ತದೆ. ಕೆನಡಾದಿಂದ ಮೈಸೂರು ಸರ್ಕಾರದ ಕೆಲಸಕ್ಕೆ ಬಂದ ಲೆಸ್ಲಿ ಕೋಲ್ಮನ್ ಎಂಬ ಪುಣ್ಯಾತ್ಮ 1910ರ ಹೊತ್ತಿಗೆ ಈ ರೋಗದ ಬೆನ್ನು ಹತ್ತಿ, ಬೋರ್ಡೋ ದ್ರಾವಣ ಹೊಡೆಯುವುದನ್ನು ನಮ್ಮ ಕಡೆಗೆ ತಂದ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನೂರು ವರ್ಷವಾದರೂ ಲೆಕ್ಕ ಬದಲಾಗಿಲ್ಲ. ‘ನಿಮ್ಮಲ್ಲಿ ಕೊಳೆ ಹೇಗಿದೆ?’ ಎಂದು ಕೇಳುವಾಗ ಇಬ್ಬರಿಗೂ ಒಳಗೊಳಗೆ ಸ್ವಲ್ಪ ಆಸೆ ಇತ್ತೆಂದು ನನ್ನ ಅನುಮಾನ, ಮನುಷ್ಯರಲ್ಲವೇ. ಆದರೆ ಒಂದು ವರ್ಷ ಮೇಲಿನಮನೆ ತೋಟ ಪೂರ್ತಿ ಹೋಯಿತು ಎಂದು ಕಾಗದ ಬಂದಾಗ ದೊಡ್ಡಪ್ಪ ಕಾರ್ಡು ತರಿಸಲಿಲ್ಲ, ಇನ್‌ಲ್ಯಾಂಡು ತರಿಸಿದರು. ಏನು ಬರೆದರೋ ಗೊತ್ತಿಲ್ಲ. ಆ ಒಂದು ಕಾಗದವನ್ನು ಅವರೇ ತಮ್ಮ ಸೊಟ್ಟ ಅಕ್ಷರದಲ್ಲಿ ಬರೆದು, ತಾವೇ ಅಗುಳು ಹಚ್ಚಿದರು.

ಇನ್ನು ಅಪ್ಪೆಮಿಡಿ. ಮಲೆನಾಡಿನ ಅಪ್ಪೆಮಿಡಿಗೆ ಈಗ ಭೌಗೋಳಿಕ ಸೂಚ್ಯಂಕದ ಮುದ್ರೆ ಬಿದ್ದಿದೆ, ಪೇಟೆಯ ಅಂಗಡಿಯಲ್ಲಿ ಬಾಟಲಿಯೊಳಗೆ ಕೂತಿದೆ. ಅದು ಹೊಳೆಸಾಲಿನ ಮರ, ಆದ್ದರಿಂದ ಹೊಳೆ ಏರಿದಾಗ ಮೊದಲು ಮುಳುಗಿದವರಲ್ಲಿ ಅದೂ ಒಂದು. ಮೇಲಿನಮನೆಯ ಹಿಂದೆ ಒಂದು ಮರ ಉಳಿದಿತ್ತು. ಜೀರಿಗೆ ವಾಸನೆಯದು, ಸೊನೆ ಮುಟ್ಟಿದರೆ ಎರಡು ದಿನ ಕೈ ಘಮ್ಮೆನ್ನುತ್ತದೆ. ದೊಡ್ಡಪ್ಪನಿಗೆ ಅದಿಲ್ಲದೆ ಮೊಸರನ್ನ ಇಳಿಯುವುದಿಲ್ಲ. ಆದರೆ ಕೇಳುವುದು ಹೇಗೆ? ಐವತ್ತು ಕ್ವಿಂಟಲ್ ಬೆಳೆದವನು ನಾಲ್ಕು ಮಿಡಿಗೆ ಕೈ ಚಾಚುವುದೆ? ಹಾಗಾಗಿ ಪ್ರತಿ ವರ್ಷ ಮಾಘದಲ್ಲಿ ಒಂದು ಕಾರ್ಡು ಹೋಗುತ್ತಿತ್ತು: ‘ಈ ಕಡೆಯೂ ಉತ್ತಮ ಅಪ್ಪೆಮಿಡಿ ದೊರೆಯುತ್ತದೆ. ಆದಾಗ್ಯೂ ಈ ವರ್ಷ ನಿಮ್ಮ ಮರದಲ್ಲಿ ಹೂವು ಹೇಗೆ ಬಂದಿದೆ ಎಂದು ತಿಳಿಸುವುದು.’ ಭಾವ ಉತ್ತರ ಬರೆಯುತ್ತಿರಲಿಲ್ಲ. ಫಾಲ್ಗುಣದಲ್ಲಿ ಬಸ್ಸಿನ ಕಂಡಕ್ಟರನ ಕೈಯಲ್ಲಿ ಒಂದು ಜಾಡಿ ಬರುತ್ತಿತ್ತು, ಬಾಯಿಗೆ ಬಟ್ಟೆ ಕಟ್ಟಿ, ಒಳಗೆ ಆಗಲೇ ಉಪ್ಪಿನಲ್ಲಿ ಬಿದ್ದ ಮಿಡಿ. ಇದರ ಬಗ್ಗೆ ಕಾಗದಗಳಲ್ಲಿ ಎಲ್ಲಿಯೂ ಥ್ಯಾಂಕ್ಸ್ ಇಲ್ಲ. ಒಂದು ವರ್ಷ ಮಾತ್ರ ‘ಜಾಡಿ ಸಣ್ಣದಾಯಿತು’ ಎಂದಿದೆ.

ಟ್ರಂಕಿನ ಕಾಗದಗಳಿಗೆ ಇನ್ನೊಂದು ಉಪಯೋಗವೂ ಇತ್ತು. ಮುಳುಗಡೆಯವರಿಗೆ ಕೊಟ್ಟ ಜಾಗದಲ್ಲಿ ಬಹುಪಾಲು ಕಾಡು. ಕಾಡು ಕಾಗದದ ಮೇಲೆ ಕಾಡಾಗಿಯೇ ಉಳಿಯಿತು, ಹಕ್ಕುಪತ್ರದ ಕತೆ ಇವತ್ತಿಗೂ ಮುಗಿದಿಲ್ಲ, ಅದಕ್ಕಾಗಿ ಪಾದಯಾತ್ರೆಗಳು ನಡೆದವು, ಮಂತ್ರಿಗಳು ಬದಲಾದರು, ಕೋರ್ಟು ಕಚೇರಿ ಎಲ್ಲ ಆಯಿತು. ಯಾವುದೋ ಕಚೇರಿಯಲ್ಲಿ ಗುಮಾಸ್ತರೊಬ್ಬರು, ನೀವು ಇಲ್ಲಿ ಇದ್ದೀರಿ ಎನ್ನುವುದಕ್ಕೆ ದಾಖಲೆ ಏನಿದೆ ಎಂದರಂತೆ. ದೊಡ್ಡಪ್ಪ ಮರುದಿನ ಮೇಲಿನಮನೆಯ ಕಾರ್ಡುಗಳ ಕಟ್ಟು ಒಯ್ದು ಮೇಜಿನ ಮೇಲಿಟ್ಟರು. “ನನ್ನ ಹೆಸರು, ನನ್ನ ಮನೆ, ಸರ್ಕಾರದ ಮುದ್ರೆ, ತಾರೀಕು, ಎಲ್ಲ ಇದೆ. ಇಷ್ಟು ವರ್ಷದಲ್ಲಿ ನಾನಿಲ್ಲಿ ಇದ್ದೇನೆ ಎಂದು ಒಪ್ಪಿಕೊಂಡ ಸರ್ಕಾರಿ ಇಲಾಖೆ ಅಂಚೆ ಇಲಾಖೆ ಒಂದೇ.” ಗುಮಾಸ್ತರು ಒಂದೆರಡು ಕಾರ್ಡು ಓದಿ, ಹಲಸಿನ ಮರದ ತಕರಾರು ಏನಾಯಿತು ಎಂದು ಕೇಳಿದರಂತೆ. ಕೆಲಸವೇನೂ ಆಗಲಿಲ್ಲ.

ಈಗ ಎರಡೂ ಮನೆಯ ಮೊಮ್ಮಕ್ಕಳ ಕೈಯಲ್ಲಿ ವಾಟ್ಸ್ಆ್ಯಪ್ ಇದೆ. ಫೋಟೋ ಬಂದ ಮೇಲೆ ಬಡಾಯಿಗೆ ಕಷ್ಟವಾಯಿತು ಎಂದುಕೊಂಡಿದ್ದೆ. ಸುಳ್ಳು. ನನ್ನ ಅಣ್ಣನ ಮಗ ಕಳಿಸುವ ತೋಟದ ಫೋಟೋಗಳಲ್ಲಿ ಅರ್ಧ ಪಕ್ಕದ ತೋಟದ್ದು, ನಿಂತದ್ದು ಮಾತ್ರ ಅವನು. ಮೇಲಿನಮನೆಯ ಹುಡುಗ ಡ್ರೋನಿನಲ್ಲಿ ಔಷಧಿ ಹೊಡೆಯುವ ವಿಡಿಯೋ ಹಾಕಿದ. ಡ್ರೋನು ಬಾಡಿಗೆಯದು ಎಂದು ಆ ಮನೆಯ ಸೊಸೆ ಈ ಮನೆಯ ಸೊಸೆಗೆ ಅದೇ ದಿನ ವಾಯ್ಸ್ ಮೆಸೇಜ್ ಕಳಿಸಿದ್ದಳು. ಇನ್‌ಲ್ಯಾಂಡು ಹೋಗಿದೆ, ಅದರ ಕೆಲಸ ಹೋಗಿಲ್ಲ.

2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಎರಡು ಕಿಲೋಮೀಟರಿಗಿಂತ ಉದ್ದದ ಸೇತುವೆ, ಕೇಬಲ್ಲುಗಳಲ್ಲಿ ಹಿಡಿದು ನಿಲ್ಲಿಸಿದ್ದು. ಅರವತ್ತು ವರ್ಷ ಲಾಂಚು ಕಾದವರಿಗೆ ಅದು ಏನೆಂದು ಉಳಿದವರಿಗೆ ಹೇಳಿ ತಿಳಿಸುವುದು ಕಷ್ಟ. ಎರಡೂ ಮನೆಗಳಿಗೆ ಮಾತ್ರ ಅದರಿಂದ ಒಂದು ನಷ್ಟವಾಗಿದೆ. ‘ಬರಬೇಕೆಂದು ಬಹಳ ಇತ್ತು, ಲಾಂಚು ಸಿಗಲಿಲ್ಲ’ ಎಂದು ಇಷ್ಟು ಕಾಲ ಬರೆದುಕೊಂಡು ಬಂದದ್ದು ಇನ್ನು ನಡೆಯುವುದಿಲ್ಲ. ಈಗ ನಿಜವಾಗಿಯೂ ಹೋಗಬೇಕು, ಹೋದರೆ ತೋಟ ನೋಡಬೇಕು, ನೋಡಿದರೆ ಒಣ ತೂಕ ಗೊತ್ತಾಗುತ್ತದೆ. ದೊಡ್ಡಪ್ಪ, ಭಾವ ಇಬ್ಬರೂ ಸೇತುವೆಗೆ ಮೊದಲೇ ಹೋಗಿಬಿಟ್ಟದ್ದು ಅವರ ಅದೃಷ್ಟ.

ಮುಳುಗಡೆಯ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ನಿಮ್ಮ ಅಟ್ಟದ ಮೇಲೆ ಅಂಥ ಕಾರ್ಡುಗಳ ಕಟ್ಟು ಇದ್ದೇ ಇರುತ್ತದೆ, ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಮಕ್ಕಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಇನ್‌ಲ್ಯಾಂಡು ಸಿಕ್ಕರೆ ಅದನ್ನು ಮೊದಲು ಓದಿ. ಕಾರ್ಡಿನಲ್ಲಿ ಅಡಿಕೆಯ ಲೆಕ್ಕ ಬಂದಲ್ಲಿ ಮಾತ್ರ ಎಂಟರಿಂದ ಭಾಗಿಸಿಕೊಳ್ಳಿ.